ಬೊಳ್ಳಮ್ಮ ಒಡೆದ ಸಂಖ್ಯೆ

ಕೊಡಗಿನ ನಾಪೋಕ್ಲು ಕಡೆಯ ಹಳಬರನ್ನು ಕೇಳಿದರೆ ಬೊಳ್ಳಮ್ಮನ ಬಗ್ಗೆ ಒಂದೇ ಮಾತು ಹೇಳುತ್ತಾರೆ: ಗಂಡನ ಬೆರಳು ಕಡಿದವಳು. ಕಡಿದದ್ದು ನಿಜ. ಎಡಗೈಯ ಮೂರು ಬೆರಳು, ಹಾಡುಹಗಲಲ್ಲಿ, ಸೌದೆ ಕೊಟ್ಟಿಗೆಯ ಕೊರಡಿನ ಮೇಲೆ. ಆದರೆ ಆ ಕತ್ತಿ ಮೊದಲು ಎದ್ದದ್ದು ಅವಳ ಬೆರಳುಗಳ ಮೇಲೆ ಎಂದು ಹೇಳುವವರು ಕಡಿಮೆ. ಅಷ್ಟಕ್ಕೆಲ್ಲ ಕಾರಣವಾದದ್ದು ಒಂದು ಸಂಖ್ಯೆ ಎಂದು ಹೇಳುವವರಂತೂ ಇಲ್ಲವೇ ಇಲ್ಲ.

ಬೊಳ್ಳಮ್ಮನ ಅಪ್ಪ ನಾಣಯ್ಯ ಮೂರ್ನಾಡಿನ ಹತ್ತಿರ ಒಬ್ಬ ಬಿಳಿ ದೊರೆಯ ಕಾಫಿ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದ. ಅವನ ಕಂಕುಳಲ್ಲಿ ಯಾವಾಗಲೂ ಒಂದು ಬೆತ್ತ. ತಡವಾಗಿ ಬಂದವರಿಗೆ, ಹಸಿ ಕಾಯಿ ಕಿತ್ತವರಿಗೆ, ಎದುರು ಮಾತಾಡಿದವರಿಗೆ ಅದರ ರುಚಿ ಗೊತ್ತಿತ್ತು. ಮನೆಯಲ್ಲಿ ಬೆತ್ತ ಮೂಲೆ ಸೇರುತ್ತಿತ್ತು. ಬೆರಳ ಗೆಣ್ಣು ಕೆಲಸ ಶುರು ಮಾಡುತ್ತಿತ್ತು. ತಾಯಿಯಿಲ್ಲದ ಒಬ್ಬಳೇ ಮಗಳನ್ನು ಗೂಡೆ ಎಂದು ಕರೆದು ಎದುರಿಗೆ ಕೂರಿಸಿಕೊಂಡು ಲೆಕ್ಕ ಹೇಳಿಕೊಡುವುದೆಂದರೆ ಅವನಿಗೆ ಪ್ರಾಣ. ತಪ್ಪಿದರೆ ನೆತ್ತಿಗೆ ಕುಟ್ಟುತ್ತಿದ್ದ. ಸರಿಯಾದರೆ ಏನೂ ಹೇಳುತ್ತಿರಲಿಲ್ಲ, ಮುಂದಿನ ಲೆಕ್ಕ ಕೊಡುತ್ತಿದ್ದ. ಅಪ್ಪನ ಪ್ರೀತಿ ಎಂದರೆ ಅಷ್ಟೇ ಎಂದು ಅವಳು ತಿಳಿದಿದ್ದಳು.

ಒಂದು ಭಾನುವಾರ ಅವನು ಸ್ಲೇಟಿನ ಮೇಲೆ ಒಂದರಿಂದ ಒಂಬತ್ತರವರೆಗಿನ ಅಂಕಿಗಳನ್ನು ಸಾಲಾಗಿ ಬರೆದ: ೧೨೩೪೫೬೭೮೯.

"ಇದ್ ಬೇರೆಬೇರೆ ಅಂಕಿ ಅಲ್ಲ ಗೂಡೆ, ಒಂದೇ ಸಂಖ್ಯೆ. ಹನ್ನೆರಡು ಕೋಟಿಯ ಮೇಲೆ ಉಟ್ಟು. ಅಂಕಿಗಳ್ನೆಲ್ಲ ಕೂಡ್ಸು."

"ನಲ್ವತ್ತೈದ್."

"ನಲ್ವತ್ತೈದು ಒಂಬತ್ತರ ಮಗ್ಗೀಲಿ ಉಟ್ಟಲ್ಲ, ಹಂಗಾರೆ ಇಡೀ ಸಂಖ್ಯೇನೂ ಒಂಬತ್ತಕ್ಕೆ ಒಡೀತದೆ. ಭಾಗಿಸ್."

ಅವಳು ಭಾಗಿಸಿದಳು. ೧೩೭೧೭೪೨೧ ಬಂತು, ಶೇಷ ಇಲ್ಲ. ನಾಣಯ್ಯ ಆ ಉತ್ತರದ ಕೆಳಗೆ ಗೆರೆ ಎಳೆದ.

"ಇನ್ನ್ ಇದ್ ಒಡೆಯುಲೆ. ಏಳಕ್ಕೆ ನಾಲ್ಕು ಉಳೀತದೆ, ಹನ್ನೊಂದಕ್ಕೆ ಮೂರು, ಹದಿಮೂರಕ್ಕೂ ಮೂರು, ಹದಿನೇಳಕ್ಕೆ ಎರಡು. ಈಗ ಸಿಕ್ಕಿತು ಅನ್ನುವಾಗ ಹತ್ತೊಂಬತ್ತಕ್ಕೆ ಹತ್ತು ಉಳೀತದೆ. ನಾ ಐನೂರರ ತನಕ ನೋಡಿ ಬಿಟ್ಟೆ."

ಹುಡುಕುವ ಕ್ರಮವನ್ನೂ ಅವನೇ ಹೇಳಿಕೊಟ್ಟ. ಎಲ್ಲ ಸಂಖ್ಯೆಗಳಿಂದ ಭಾಗಿಸಿ ನೋಡಬೇಕಿಲ್ಲ. ತಾವೇ ಒಡೆಯದ ಸಂಖ್ಯೆಗಳಿಂದ ಮಾತ್ರ ನೋಡಿದರೆ ಸಾಕು. ಮೂರು ಸಾವಿರದ ಏಳ್ನೂರು ದಾಟಿ ಸ್ವಲ್ಪ ಹೋದರೆ ಅಲ್ಲಿಗೆ ನಿಲ್ಲಿಸಬಹುದು. ಒಂದು ಭಾಗ ಅದಕ್ಕಿಂತ ದೊಡ್ಡದಾದರೆ ಅದರ ಜೋಡಿ ಸಣ್ಣದಾಗಲೇಬೇಕು, ಅದು ಮೊದಲೇ ಸಿಕ್ಕಿರುತ್ತದೆ. ಬೊಳ್ಳಮ್ಮನಿಗೆ ಅದು ಥಟ್ಟನೆ ಅರ್ಥವಾಯಿತು. ಅವತ್ತು ನೆತ್ತಿಗೆ ಪೆಟ್ಟು ಬೀಳಲಿಲ್ಲ.

ಅವಳಿಗೆ ಹದಿನೈದಿರುವಾಗ ನಾಣಯ್ಯ ಸತ್ತ. ಸಂಜೆ ಕಾಫಿ ಹಣ್ಣು ತೂಕ ಹಾಕುವ ಹೊತ್ತು. ಹಿಂದಿನ ವಾರ ಬೆತ್ತದ ಏಟು ತಿಂದಿದ್ದ ಒಬ್ಬ ಆಳು ಸಾಲಿನಲ್ಲಿ ಸುಮ್ಮನೆ ನಿಂತಿದ್ದ. ತನ್ನ ಸರದಿ ಬಂದಾಗ ಬುಟ್ಟಿ ಇಳಿಸಿದ, ಬುಟ್ಟಿಯೊಳಗಿನಿಂದ ಕತ್ತಿ ತೆಗೆದ. ಕುತ್ತಿಗೆಗೆ ಒಂದೇ ಏಟು. ಅಪ್ಪನಿಗೆ ಕಾಫಿ ತಂದಿದ್ದ ಬೊಳ್ಳಮ್ಮ ಎರಡು ಮಾರು ದೂರದಲ್ಲಿ ನಿಂತು ಎಲ್ಲ ನೋಡಿದಳು. ಹಣ್ಣಿನ ರಾಶಿಯ ಮೇಲೆ ಬಿದ್ದ ರಕ್ತ ಯಾವುದು, ಹಣ್ಣಿನ ಬಣ್ಣ ಯಾವುದು ಎಂದು ಗೊತ್ತಾಗಲಿಲ್ಲ. ಆ ಆಳು ಓಡಲಿಲ್ಲ. ಅಂಗಿ ಬಿಚ್ಚಿ ಎಲ್ಲರಿಗೂ ಬೆನ್ನು ತೋರಿಸಿದ. ಬಾಸುಂಡೆಗಳು ಬಾತು ಒಡೆದು ಕೀವು ಸುರಿಯುತ್ತಿತ್ತು. ಅವನನ್ನು ಗಲ್ಲಿಗೆ ಹಾಕಿದರೆಂದು ಆಮೇಲೆ ಸುದ್ದಿ ಬಂತು. ಬೊಳ್ಳಮ್ಮ ಅಪ್ಪನಿಗಾಗಿ ಅತ್ತಳು; ಆದರೆ ಆ ಬೆನ್ನು ಅವಳ ಕಣ್ಣಿಂದ ಹೋಗಲಿಲ್ಲ.

ನೆಂಟರು ಸೇರಿ ಅವಳನ್ನು ನಾಪೋಕ್ಲಿನ ಆಚೆಯ ಗದ್ದೆ ಮನೆಯೊಂದಕ್ಕೆ ಕೊಟ್ಟರು. ಗಂಡ ಗುರುವಪ್ಪ ಬರ್ಮಾ ಯುದ್ಧ ಮುಗಿಸಿ ಬಂದವನು. ಮನೆಯ ಯಜಮಾನ ಅವನ ಅಣ್ಣ ಪೂವಯ್ಯ. ಪೂವಯ್ಯನ ಹೆಂಡತಿ ಸರೋಜ. ಗುರುವಪ್ಪ ಕುಡಿಯದಾಗ ಮೂಕನ ಹಾಗೆ ಇರುತ್ತಿದ್ದ. ಕುಡಿದಾಗ ಬಾಗಿಲು ಬಡಿದ ಸದ್ದಿಗೂ ಬೆಚ್ಚಿ, ಕೈಗೆ ಸಿಕ್ಕಿದ್ದರಲ್ಲಿ ಹೊಡೆಯುತ್ತಿದ್ದ. ಮದುವೆಯಾಗಿ ತಿಂಗಳೊಳಗೆ ಅವಳ ಮುಂದಿನ ಹಲ್ಲು ಒಂದು ಹೋಯಿತು. ಇನ್ನೊಂದು ಸಲ ಹೊಟ್ಟೆಗೆ ಒದ್ದ ಮೇಲೆ ಒಳಗಿದ್ದ ಪಿಂಡ ಜಾರಿತು. ಮಾರನೆಯ ದಿನ ಅವನು ಅಂಗಳದಲ್ಲಿ ತಲೆ ಹಿಡಿದುಕೊಂಡು ಕೂತಿದ್ದ. ಪೂವಯ್ಯ ತಮ್ಮನನ್ನು ಒಂದು ಮಾತು ಕೇಳಲಿಲ್ಲ. "ಹೆಣ್ಣ್ ಅಂದಮೇಲೆ ಇದೆಲ್ಲ ಇದ್ದದ್ದೇ" ಎಂದು ಗದ್ದೆಗೆ ನಡೆದ.

ಆ ದಿನ ಬೊಳ್ಳಮ್ಮ ಸೌದೆ ತರಲು ಹಿತ್ತಿಲ ಕೊಟ್ಟಿಗೆಗೆ ಹೋದವಳು ಅಲ್ಲೇ ಕೂತಳು. ಕಾಲ ಬಳಿ ಒಂದು ಇದ್ದಿಲ ಚೂರು ಬಿದ್ದಿತ್ತು. ಏನೂ ತೋಚದೆ ಮಣ್ಣು ಮೆತ್ತಿದ ಗೋಡೆಯ ಮೇಲೆ ಆ ಸಂಖ್ಯೆಯನ್ನು ಬರೆದಳು: ೧೩೭೧೭೪೨೧. ಅಪ್ಪ ಬಿಟ್ಟ ಕಡೆಯಿಂದ ಶುರು ಮಾಡಿದಳು. ಐನೂರ ಮೂರು. ಭಾಗಿಸಿ, ಕಳೆದು, ಇಳಿಸಿ, ಶೇಷ ಬಂದಾಗ ನೋಡಿದರೆ ಅಷ್ಟು ಹೊತ್ತು ಹಿಂದಿನ ದಿನದ ಏಟು ಅವಳ ನೆನಪಿಗೇ ಬಂದಿರಲಿಲ್ಲ.

ಅಂದಿನಿಂದ ಅದೇ ಅಭ್ಯಾಸವಾಯಿತು. ಏಟು ಬಿದ್ದ ದಿನ ಒಂದಾದರೂ ಸಂಖ್ಯೆಯಿಂದ ಭಾಗಿಸಿ ನೋಡುತ್ತಿದ್ದಳು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಮುಂದೆ ನೋಡಬೇಕಾದ್ದನ್ನು ಮಾತ್ರ ಬಾಗಿಲ ಮೂಲೆಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದಳು. ಕಾಫಿ ಕೆಲಸದ ಕಾಲದಲ್ಲಿ ತಿಂಗಳುಗಟ್ಟಲೆ ಆಗುತ್ತಿರಲಿಲ್ಲ. ಒಮ್ಮೆ ಒಂದು ಕಳೆಯುವಾಗ ತಪ್ಪಿ, ಸಿಕ್ಕಿತೆಂದು ಕುಣಿದು, ಗುಣಿಸಿ ನೋಡಿ ಸುಳ್ಳೆಂದು ತಿಳಿದು ಅತ್ತಿದ್ದಳು. ಸಾವಿರ ದಾಟಿತು, ಎರಡು ಸಾವಿರ ದಾಟಿತು. ಕೊಡಗು ರಾಜ್ಯವಾಯಿತು, ಓಟು ಆಯಿತು, ಮಡಿಕೇರಿಗೆ ಮಂತ್ರಿಗಳು ಬಂದರು. ಮೂರು ಸಾವಿರ ದಾಟಿದ ಮೇಲೆ ಅವಳಿಗೆ ಅನ್ನಿಸತೊಡಗಿತು, ಇದು ಒಡೆಯುವುದೇ ಇಲ್ಲವೋ ಏನೋ. ಒಡೆಯದಿದ್ದರೂ ಅವಳಿಗೆ ಸಂತೋಷವೇ. ಯಾರು ಎಷ್ಟು ಬಡಿದರೂ ಒಡೆಯದ್ದು ಒಂದಾದರೂ ಇರಲಿ ಎಂದುಕೊಳ್ಳುತ್ತಿದ್ದಳು.

ಸರೋಜಳಿಗೆ ಹುಟ್ಟಿದ ಕೂಸುಗಳು ಉಳಿಯುತ್ತಿರಲಿಲ್ಲ. ಎರಡು ಹೋಗಿದ್ದವು. ಮೂರನೆಯದು ಗಂಡು, ಆರು ತಿಂಗಳು ತುಂಬಿತ್ತು. ಪೂವಯ್ಯ ಒಬ್ಬ ಮಂತ್ರವಾದಿಯನ್ನು ಕರೆಸಿ, ತಗಡಿನ ಮೇಲೆ ಅಂಕಿ ಕೊರೆದ ಯಂತ್ರ ಮಾಡಿಸಿ ತೊಟ್ಟಿಲಿಗೆ ಕಟ್ಟಿದ್ದ. ಆ ವರ್ಷ ಕಾಫಿ ಹಣ್ಣಿನ ಪಿಕ್ಕಿಂಗ್ ಜೋರಾಗಿ ನಡೆದಿರುವಾಗ ಕೂಸಿಗೆ ಜ್ವರ ಬಂತು. ಮೂರನೆಯ ದಿನ ಮಧ್ಯಾಹ್ನ ಸರೋಜ ಒಳಗಿಂದ ಕೂಗಿದಳು.

"ಬೊಳ್ಳೂ, ಸೌದೆ ತಾ. ನೀರ್ ಕಾಯ್ಸೊಕು. ಬೇಗ!"

ಬೊಳ್ಳಮ್ಮ ಓಡಿದಳು. ಸೌದೆ ಆರಿಸಿ ಕಂಕುಳಿಗೆ ಸೇರಿಸುವಾಗ ಬಾಗಿಲ ಮೂಲೆಯಲ್ಲಿದ್ದ ಅಂಕಿ ಕಣ್ಣಿಗೆ ಬಿತ್ತು: ೩೬೦೭. ಪಿಕ್ಕಿಂಗ್ ಶುರುವಾಗುವ ಮೊದಲು ಅಷ್ಟರವರೆಗೆ ಬಂದಿತ್ತು. ಇನ್ನು ಹತ್ತಿಪ್ಪತ್ತು ಸಂಖ್ಯೆ ನೋಡಿದರೆ ಮುಗಿದೇಹೋಗುತ್ತದೆ. ಒಂದು ನಿಮಿಷದ ಕೆಲಸ ಎಂದುಕೊಂಡು ಸೌದೆ ಕೆಳಗಿಟ್ಟಳು.

ಮೂರು ಸಲ ಮೂರು ಸಾವಿರದ ಆರ್ನೂರ ಏಳು, ಹತ್ತು ಸಾವಿರದ ಎಂಟುನೂರ ಇಪ್ಪತ್ತೊಂದು. ಕಳೆದಳು. ಮುಂದಿನ ಅಂಕಿ ಇಳಿಸಿದಳು, ಎಂಟು ಸಲ ಹೋಯಿತು. ಉಳಿದದ್ದು ನೂರ ಎಂಟು. ಇನ್ನೊಂದು ಅಂಕಿ ಇಳಿಸಿದಳು, ಸಾಲಲಿಲ್ಲ, ಸೊನ್ನೆ. ಕೊನೆಯ ಅಂಕಿ ಒಂದು. ಅದನ್ನು ಇಳಿಸಿದಾಗ ಗೋಡೆಯ ಮೇಲೆ ನಿಂತದ್ದು ೧೦೮೨೧. ಅವಳು ಮೇಲೆ ನೋಡಿದಳು. ಮೊದಲು ಕಳೆದದ್ದೂ ಅದೇ: ೧೦೮೨೧. ಗುಣಿಸಿ ನೋಡುವ ಅಗತ್ಯವೇ ಇರಲಿಲ್ಲ. ಮೂರು. ಶೇಷ ಸೊನ್ನೆ.

ಮೂರು ಸಾವಿರದ ಆರ್ನೂರ ಏಳು, ಮೂರು ಸಾವಿರದ ಎಂಟುನೂರ ಮೂರು. ಎರಡು ಹೆಚ್ಚುಕಡಿಮೆ ಸಮನಾದ ತುಂಡುಗಳು ಇಷ್ಟು ವರ್ಷ ಒಂದನ್ನೊಂದು ಅಪ್ಪಿಕೊಂಡು ಅಡಗಿದ್ದವು. ಬೊಳ್ಳಮ್ಮನಿಗೆ ಒಳಗಿಂದ ನಗು ಉಕ್ಕಿ ಬಂತು. ತಡೆಯಲಿಲ್ಲ. ಮದುವೆಯಾದ ಮೇಲೆ ಆ ಮನೆಯಲ್ಲಿ ಅವಳು ಗಟ್ಟಿಯಾಗಿ ನಕ್ಕದ್ದು ಅದೇ ಮೊದಲು.

ಒಳಗೆ ಕೂಸು ಸತ್ತಿತ್ತು.

ಪೂವಯ್ಯ ಕೊಟ್ಟಿಗೆಯ ಬಾಗಿಲಿಗೆ ಬಂದಾಗ ಅವಳು ಇನ್ನೂ ನಗುತ್ತಲೇ ಇದ್ದಳು. ಅವನು ಅವಳನ್ನು ನೋಡಿದ, ನೆಲದ ಮೇಲಿದ್ದ ಸೌದೆ ನೋಡಿದ, ಗೋಡೆಯ ಮೇಲಿದ್ದ ಅಂಕಿಗಳನ್ನು ನೋಡಿದ.

"ಮಾಟ!" ಎಂದ. ಮತ್ತೆ ಊರಿಗೇ ಕೇಳುವಂತೆ ಅರಚಿದ. "ಗುರುವಾ, ಬಾ ಇಲ್ಲಿ! ನಿನ್ನ ಹೆಣ್ಣ್ ನನ್ನ ಕೂಸ್ನ ತಿಂದತ್! ಯಂತ್ರ ಬರ್ದುಟ್ಟು ಗೋಡೇಲಿ!"

"ಭಾವ, ಅದ್ ಲೆಕ್ಕ. ಬರೀ ಲೆಕ್ಕ…"

ಮಾತು ಮುಗಿಯುವ ಮೊದಲೇ ಸೌದೆ ತುಂಡು ಅವಳ ದವಡೆಗೆ ಬಿತ್ತು. ಎರಡನೆಯದು ಭುಜಕ್ಕೆ. ಬಿದ್ದವಳ ಜುಟ್ಟು ಹಿಡಿದೆತ್ತಿ ಮುಖವನ್ನು ಗೋಡೆಗೆ ಉಜ್ಜಿದ. ಮೂಗಿನ ರಕ್ತ ಇದ್ದಿಲ ಅಂಕಿಗಳ ಮೇಲೆ ಹರಡಿತು. ಗುರುವಪ್ಪ ಬಂದ. ಬೆಳಗಿನಿಂದಲೇ ಕುಡಿದಿದ್ದ.

"ಬರ್ದ ಬೆರಳ್ ಇರಿಕೆ ಆಗ. ಕಡಿ" ಎಂದ ಪೂವಯ್ಯ.

ಗುರುವಪ್ಪ ಎಡಗೈಯಲ್ಲಿ ಅವಳ ಬಲ ಮುಂಗೈಯನ್ನು ಸೌದೆ ಸೀಳುವ ಕೊರಡಿನ ಮೇಲೆ ಒತ್ತಿ ಹಿಡಿದ, ಬಲಗೈಯಲ್ಲಿ ಕತ್ತಿ ಎತ್ತಿದ. ಹೊರಗೆ ಸೌದೆ ಒಡೆಯುತ್ತಿದ್ದ ಆಳು ಲಿಂಗ ಬಾಗಿಲಲ್ಲಿ ಕಂಬದಂತೆ ನಿಂತಿದ್ದ. ಕತ್ತಿ ಮೇಲೆಯೇ ನಿಂತಿತು. ಗಂಡನ ಕಣ್ಣು ಅವಳ ಬೆರಳುಗಳ ಮೇಲಿತ್ತು.

"ಕಡಿ ಅಂದೆ!"

ಬೊಳ್ಳಮ್ಮ ಬಾಗಿ ಅವನ ಎಡಗೈಯನ್ನು ಎಲುಬು ಸಿಗುವಷ್ಟು ಕಚ್ಚಿದಳು. ಅವನು ಕಿರುಚಿ ಕತ್ತಿ ಬಿಟ್ಟ. ಅದನ್ನು ಎತ್ತಲು ಬಾಗುವಾಗ ಕೊರಡಿನ ಮೇಲೆ ಎಡಗೈ ಊರಿದ. ಅಷ್ಟರಲ್ಲಿ ಕತ್ತಿ ಅವಳ ಕೈಯಲ್ಲಿತ್ತು. ಅವಳು ಯೋಚಿಸಲಿಲ್ಲ. ಎರಡೂ ಕೈಯಲ್ಲಿ ಎತ್ತಿ ಹೊಡೆದಳು. ಮೂರು ಬೆರಳು ಸೌದೆ ಚಕ್ಕೆಗಳ ನಡುವೆ ಬಿದ್ದವು.

ಪೂವಯ್ಯ ಮನೆಯೊಳಗೆ ಓಡಿದ. ಕೋವಿ ಹಿಡಿದು ಬಂದಾಗ ಅವಳು ಅಂಗಳ ದಾಟುತ್ತಿದ್ದಳು. ಆಗ ಲಿಂಗನಿಗೆ ಜೀವ ಬಂದಂತಾಯಿತು. ನುಗ್ಗಿ ಕೋವಿಯ ನಳಿಗೆಯನ್ನು ಮೇಲಕ್ಕೆ ತಳ್ಳಿದ. ಈಡು ಹಾರಿತು, ಚರೆಗಳು ಅವನ ಕಿವಿಯನ್ನು ಅರ್ಧ ಹರಿದುಕೊಂಡು ಹೋದವು. ಬೊಳ್ಳಮ್ಮ ತಿರುಗಿ ನೋಡದೆ ಕುಯಿಲಾದ ಗದ್ದೆಗಳ ಕೂಳೆ ತುಳಿಯುತ್ತ, ಕೈಯಲ್ಲಿ ಕತ್ತಿ ಹಿಡಿದೇ ನಾಪೋಕ್ಲಿನ ಪೊಲೀಸರ ಎದುರು ಹೋಗಿ ನಿಂತಳು. ಕತ್ತಿ ಬಿಡಿಸಿಕೊಳ್ಳಲು ಹೋದರೆ ಬೆರಳು ಬಿಡಿಸಲು ಬರಲಿಲ್ಲ.

ಮಡಿಕೇರಿಯಲ್ಲಿ ಕೇಸು ನಡೆಯಿತು. ಅಪ್ಪನ ಪರಿಚಯದ ಒಬ್ಬ ವಕೀಲರು ಅವಳ ಪರವಾಗಿ ನಿಂತರು. ಒಳ್ಳೆಯ ಮನುಷ್ಯ. ವಿಚಾರಣೆಗೆ ಮೊದಲು ಬಂದು ಹೇಳಿದರು:

"ನೋಡಮ್ಮ, ಒಂದು ದಾರಿ ಇದೆ. ನಿನಗೆ ಆ ಹೊತ್ತಿಗೆ ಬುದ್ಧಿ ಸ್ವಾಧೀನದಲ್ಲಿ ಇರಲಿಲ್ಲ ಅನ್ನೋಣ. ಗೋಡೆ ಮೇಲೆ ಅಂಕಿ ಬರೆಯೋದು, ಸಾವಿನ ಮನೆಯಲ್ಲಿ ನಗೋದು, ಇದನ್ನ ಯಾರಾದರೂ ನಂಬುತ್ತಾರೆ. ಬಿಡುಗಡೆ ಆದರೂ ಆಗಬಹುದು."

"ನಂಗೆ ಹುಚ್ಚಿಲ್ಲೆ ಸಾರ್."

"ನನಗೆ ಗೊತ್ತು. ಸುಮ್ಮನೆ ತಲೆ ಆಡಿಸಿದರೆ ಸಾಕು."

"ಲೆಕ್ಕ ಸರಿ ಉಟ್ಟು. ಒಂದೇ ಒಂದ್ ತಪ್ಪಿಲ್ಲೆ. ಹುಚ್ಚಿನಲ್ಲಿ ಮಾಡಿದ್ದು ಅಂತ ನಾ ಹೇಳುಲೆ."

ಕೋರ್ಟಿನಲ್ಲಿ ಅವಳು ಸಂಖ್ಯೆಯ ವಿಷಯ ಹೇಳತೊಡಗಿದಾಗ ನ್ಯಾಯಾಧೀಶರು ತಡೆದು, ಅದಕ್ಕೂ ಕೇಸಿಗೂ ಸಂಬಂಧವಿಲ್ಲ ಎಂದರು. ಅವರು ಹೇಳಿದ್ದು ತಪ್ಪೇನಲ್ಲ. ಲಿಂಗ ಕಿವಿಗೆ ಬಟ್ಟೆ ಕಟ್ಟಿಕೊಂಡು ಬಂದು, ಕೋವಿ ಕೈತಪ್ಪಿ ಹಾರಿತು ಎಂದು ಸಾಕ್ಷಿ ಹೇಳಿದ. ಅವನು ಇದ್ದದ್ದು ಪೂವಯ್ಯನ ಜಾಗದಲ್ಲಿ, ಉಂಡದ್ದು ಪೂವಯ್ಯನ ಅಕ್ಕಿ. ಪೂವಯ್ಯ ಎದೆ ಬಡಿದುಕೊಂಡು, ಇವಳು ನಕ್ಕ ಕೂಡಲೇ ತನ್ನ ಕೂಸಿನ ಉಸಿರು ನಿಂತಿತು ಎಂದ.

ಸರೋಜಳನ್ನು ಕರೆದರು. ಅವಳು ಕಟಕಟೆ ಹಿಡಿದು ನಿಂತಳು. ಎದೆಹಾಲು ಇನ್ನೂ ಬತ್ತಿರಲಿಲ್ಲ, ರವಿಕೆ ಒದ್ದೆಯಾಗಿತ್ತು.

"ಹೌದೇನಮ್ಮ, ಇವಳು ನಕ್ಕ ಮೇಲೆ ಮಗು ಸತ್ತದ್ದೋ?" ಎಂದು ಬೊಳ್ಳಮ್ಮನ ವಕೀಲರು ಕೇಳಿದರು.

ಸರೋಜ ಗಂಡನ ಕಡೆ ನೋಡಲಿಲ್ಲ. "ಇಲ್ಲೆ. ಕೂಸ್ ಮೊದ್ಲೇ ಹೋಗಿತ್ತ್. ನಾ ಮಡ್ಲಲ್ಲಿ ಹಾಕ್ಕೊಂಡ್ ಸುಮ್ಮನೆ ಕೂತಿದ್ದೆ. ಇವ್ಳು ನೆಗಾಡ್ದು ಆಮೇಲೆ."

ತಾನು ಸೌದೆ ಕೆಳಗಿಟ್ಟದ್ದರಿಂದಲೇ ಕೂಸು ಹೋಯಿತೆಂಬ ಕಲ್ಲೊಂದನ್ನು ಬೊಳ್ಳಮ್ಮ ಎದೆಯಲ್ಲಿ ಹೊತ್ತುಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ; ನಗುವಿನ ಆರೋಪ ಇಳಿದರೂ ಆ ಕಲ್ಲು ಇಳಿಯಲಿಲ್ಲ.

ಕೈ ಉಳಿಸಿಕೊಳ್ಳುವ ಹಕ್ಕು ಅವಳಿಗಿತ್ತು, ಆದರೆ ಹೊಡೆಯುವ ಗಳಿಗೆಯಲ್ಲಿ ಗಂಡನ ಕೈಯಲ್ಲಿ ಆಯುಧವಿರಲಿಲ್ಲ ಎಂದು ಹೇಳಿ ನ್ಯಾಯಾಧೀಶರು ಒಂದು ವರ್ಷ ಸಜೆ ಕೊಟ್ಟರು. ಪೂವಯ್ಯ ಮನೆಗೆ ಹೋದ. ಅಂದು ಸಂಜೆ ಸರೋಜಳಿಗೆ ಏನಾಯಿತೆಂದು ಅಕ್ಕಪಕ್ಕದ ಮನೆಯವರು ಕಿವಿಯಾರೆ ಕೇಳಿದರು, ಯಾರೂ ಹೋಗಲಿಲ್ಲ.

ಜೈಲಿನ ಹೆಂಗಸರ ಕೋಣೆಯಲ್ಲಿ ಕುಶಾಲನಗರದ ಕಡೆಯ ಕಾಳಮ್ಮ ಎಂಬವಳಿದ್ದಳು. ಒನಕೆಯಲ್ಲಿ ಅತ್ತೆಯ ತಲೆ ಒಡೆದು ಬಂದವಳು. ಬೊಳ್ಳಮ್ಮ ನೆಲದ ಮೇಲೆ ಹೆಂಚಿನ ಚೂರಿನಿಂದ ಅಂಕಿ ಬರೆಯುವುದನ್ನು ಕಂಡು ಅವಳು ಸೊಂಟಕ್ಕೆ ಒದ್ದಳು. ಇಬ್ಬರೂ ಜುಟ್ಟು ಹಿಡಿದು ಉರುಳಾಡಿದರು. ವಾರ್ಡರು ಬಂದು ಇಬ್ಬರಿಗೂ ಬಾರಿಸಿ ಬಿಡಿಸಿದಳು. ಆಮೇಲೆ ಕಾಳಮ್ಮ ತುಟಿಯ ರಕ್ತ ಒರೆಸಿಕೊಳ್ಳುತ್ತ ಕೇಳಿದಳು:

"ಏನವ್ವ ಅದು, ನಮ್ ಮ್ಯಾಲೆ ಏನಾರ ಮಾಡುಸ್ತಿದ್ದೀಯ?"

ಬೊಳ್ಳಮ್ಮ ಹೇಳಿದಳು. ದೊಡ್ಡ ಸಂಖ್ಯೆ ಎರಡು ತುಂಡಾಯಿತು; ಆ ತುಂಡುಗಳು ಮತ್ತೆ ಒಡೆಯಬಾರದು, ಆದರೆ ಐನೂರರ ತನಕ ನೋಡಿದ್ದು ಅಪ್ಪ; ಅವನ ಲೆಕ್ಕ ಎಲ್ಲಾದರೂ ತಪ್ಪಿತ್ತೋ ಎಂದು ತಾನೇ ನೋಡಬೇಕು. ಇದು ಸುಲಭ, ಅರವತ್ತು ದಾಟಿದರೆ ನಿಲ್ಲಿಸಬಹುದು.

"ಒಡೀದಿದ್ರೆ ಯಾರ್ ಗಂಟು ಹೋಯ್ತದೆ?"

"ಯಾರ್ದೂ ಇಲ್ಲೆ."

"ಮತ್ಯಾಕೆ ತಲೆ ಕೆಡಿಸ್ಕಂತೀಯ?"

ಬೊಳ್ಳಮ್ಮ ಹೆಂಚಿನ ಚೂರನ್ನು ಕೆಳಗಿಟ್ಟಳು. "ಅದ್ ಯಾರ್ಗೂ ಹೆದ್ರುಲೆ. ಅಪ್ಪ ಕುಟ್ಟುವಾಗ್ಲೂ ಅದ್ ಹಂಗೇ ಇತ್ತ್, ಗಂಡ ಒದೆಯುವಾಗ್ಲೂ ಹಂಗೇ ಇತ್ತ್."

ಎರಡು ತುಂಡುಗಳೂ ಮುಂದೆ ಒಡೆಯಲಿಲ್ಲ. ಮುಗಿಯಿತು ಎಂದಾಗ ಅವಳಿಗೆ ಸಂತೋಷವಾಗಲಿಲ್ಲ; ಮುಂದೆ ಭಾಗಿಸಲು ಏನೂ ಉಳಿದಿರಲಿಲ್ಲ. ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಕಾಳಮ್ಮನೇ ರೇಗಿ, "ಅದ್ನೇ ತಿರುಗಾಮುರುಗ ಬರ್ದು ನೋಡು" ಎಂದಳು. ಬೊಳ್ಳಮ್ಮ ೯೮೭೬೫೪೩೨೧ ಎಂದು ಬರೆದಳು. ಅದೂ ಒಂಬತ್ತಕ್ಕೆ ಒಡೆಯಿತು. ಬಂದ ಉತ್ತರ ಹದಿನೇಳಕ್ಕೆ ಒಡೆಯಿತು, ಅದರ ಉತ್ತರ ಮತ್ತೊಮ್ಮೆ ಹದಿನೇಳಕ್ಕೇ ಒಡೆಯಿತು. ಅದು ಸೌದೆ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ಸತಾಯಿಸಿತ್ತು, ಇದು ಸಂಜೆಯ ಗಂಜಿ ಬರುವುದರೊಳಗೆ ಮುರಿದುಬಿತ್ತು. ಇಬ್ಬರೂ ಬಿದ್ದು ಬಿದ್ದು ನಕ್ಕರು.

ಬಿಡುಗಡೆಯಾದ ಮೇಲೆ ಬೊಳ್ಳಮ್ಮ ಮೂರ್ನಾಡಿನ ಹತ್ತಿರ ಒಂದು ಎಸ್ಟೇಟಿನ ಲೈನಿನಲ್ಲಿ, ಕೂಲಿಯವರ ಸಾಲುಮನೆಗಳಲ್ಲಿ, ಸೇರಿಕೊಂಡಳು. ರೈಟರನ ಮಗಳು ಕೂಲಿಯಾದಳೆಂದು ಕೆಲವರು ಆಡಿಕೊಂಡರು. ಒಂದು ಭಾನುವಾರ ಹಗಲು ಗುರುವಪ್ಪ ಲೈನಿಗೆ ಬಂದ. ಎಡಗೈಗೆ ಬಟ್ಟೆ ಸುತ್ತಿತ್ತು, ಗಡ್ಡ ಬೆಳೆದಿತ್ತು. ನೇಗಿಲು ಹಿಡಿಯಲಾಗದವನನ್ನು ಅಣ್ಣ ಮನೆಯಿಂದ ಹೊರಗೆ ಹಾಕಿದ್ದ.

"ನನ್ನ ಬಾಳ್ ಹಾಳ್ ಮಾಡ್ದೆ ನೀ" ಎನ್ನುತ್ತ ಬಲಗೈಯ ದೊಣ್ಣೆ ಎತ್ತಿದ.

ಏಟು ಅವಳ ಭುಜಕ್ಕೆ ತಾಗಿತು, ಜೋರಿರಲಿಲ್ಲ. ಅವಳು ದೊಣ್ಣೆ ಕಿತ್ತುಕೊಂಡಳು. ಮೊದಲ ಏಟು ಕಾಲಿಗೆ ಹಾಕಿದಳು. ಅವನು ಬಿದ್ದ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹೋದ ಹಲ್ಲಿಗೆ, ಜಾರಿದ ಪಿಂಡಕ್ಕೆ ಎಂದು ಹೊಡೆದಳು. ಆಮೇಲೆ ಯಾವುದಕ್ಕೆಂದೂ ಇಲ್ಲದೆ ಹೊಡೆದಳು. ಅವನು ಮಗುಚಿ ಬಿದ್ದು ತಲೆಯನ್ನು ಕೈಯಲ್ಲಿ ಮುಚ್ಚಿಕೊಂಡ. ಹರಿದ ಅಂಗಿಯ ಕೆಳಗೆ ಬೆನ್ನು ಕಾಣಿಸಿತು. ಬಾಸುಂಡೆಗಳು ಸಾಲಾಗಿ ಏಳುತ್ತಿದ್ದವು.

ಬೊಳ್ಳಮ್ಮ ದೊಣ್ಣೆ ಎಸೆದಳು. ಒಳಗೆ ಹೋಗಿ ತಂಬಿಗೆ ನೀರು ತಂದು ಅವನ ಪಕ್ಕ ಇಟ್ಟಳು.

"ಕುಡ್ದು ಹೋಗಿ. ಇನ್ನ್ ಬರ್ಬೇಡಿ. ನಾನೂ ಯಾರ ಮೇಲೂ ಕೈ ಎತ್ತುಲೆ."

ಅವನು ಕುಡಿದು, ಕುಂಟುತ್ತ ಹೋದ. ದುಬಾರೆಯ ಆನೆ ಕ್ಯಾಂಪಿನಲ್ಲಿ ಸೊಪ್ಪು ಹೊರುವ ಕೆಲಸಕ್ಕೆ ಸೇರಿದನೆಂದು ಆಮೇಲೆ ಕೇಳಿದಳು. ಮತ್ತೆ ಬರಲಿಲ್ಲ. ಅವಳು ತನ್ನ ಮಾತನ್ನು ಉಳಿಸಿಕೊಂಡಳು.

ಸರೋಜ ಬಂದದ್ದು ಕೊಡಗು ಮೈಸೂರಿಗೆ ಸೇರುತ್ತದೆಂಬ ಮಾತು ಎಲ್ಲ ಕಡೆ ನಡೆಯುತ್ತಿದ್ದ ದಿನಗಳಲ್ಲಿ. ಒಂದು ಕಣ್ಣು ಪೂರ್ತಿ ಮುಚ್ಚಿತ್ತು, ಒಂದು ಕೈ ವಾಲಾಡುತ್ತಿತ್ತು. ಬೊಳ್ಳಮ್ಮ ಏನೂ ಕೇಳದೆ ನೀರು ಕಾಯಿಸಿ, ಕೈಗೆ ಬಿದಿರು ಸೀಳು ಕಟ್ಟಿ, ಗಂಜಿ ಕುಡಿಸಿದಳು. ಸರೋಜ ಗೋಡೆಗೆ ಒರಗಿ ಕೂತು, ತೆರೆದಿದ್ದ ಒಂದೇ ಕಣ್ಣಲ್ಲಿ ಅವಳನ್ನು ನೋಡಿದಳು.

"ಆ ದಿನ ಎಂತಕ್ಕೆ ನೆಗಾಡ್ದೆ?"

ಬೊಳ್ಳಮ್ಮ ಎಲ್ಲ ಹೇಳಿದಳು. ಸೌದೆ ಕೆಳಗಿಟ್ಟದ್ದನ್ನೂ ಹೇಳಿದಳು. ಸರೋಜ ಕಟ್ಟಿದ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ನಿಂಗೆ ಅದ್ ಸಿಕ್ಕಿದ ಹೊತ್ತಿಗೆ ನಂಗೆ ನನ್ನ ಕೂಸ್ ಹೋತ್."

"ಹೌದು ಅಕ್ಕ."

ಸರೋಜ ಮುಖ ತಿರುಗಿಸಿ ಮಲಗಿದಳು. ಕೈ ಕೂಡುವವರೆಗೂ ಅವಳು ಆ ಕೋಣೆಯಲ್ಲೇ ಇದ್ದಳು. ಬೊಳ್ಳಮ್ಮ ಇಟ್ಟದ್ದನ್ನು ಉಂಡಳು, ಆದರೆ ಒಂದು ಮಾತಾಡಲಿಲ್ಲ. ಪೂವಯ್ಯ ಎರಡು ಸಲ ಜನ ಕಳಿಸಿದ. ಲೈನಿನ ಹೆಂಗಸರು ಬುಟ್ಟಿ ಹೊತ್ತುಕೊಂಡೇ ದಾರಿಗೆ ಅಡ್ಡ ನಿಂತರು, ಬಂದವರು ಹಾಗೆಯೇ ಹೋದರು. ಪಿಕ್ಕಿಂಗ್ ಶುರುವಾದ ಬೆಳಗ್ಗೆ ಬೊಳ್ಳಮ್ಮ ಹೊರಡುವಾಗ ನೋಡಿದರೆ ಸರೋಜ ಸೆರಗು ಬಿಗಿದು, ಸೊಂಟಕ್ಕೆ ಬುಟ್ಟಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ನಂಗೆ ಗಿಡದ ಯಾವ ಸಾಲ್ ಕೊಟ್ಟವ್ರೆ?" ಎಂದು ಕೇಳಿದಳು.

"ನನ್ನ ಪಕ್ಕದ್ದು" ಎಂದಳು ಬೊಳ್ಳಮ್ಮ. ಇಬ್ಬರೂ ತೋಟದ ಇಳಿಜಾರಿಗೆ ಇಳಿದರು.